ಮರೆವಿನ ಕಾಯಿಲೆಗೆ ಬ್ಲಡ್ ಟೆಸ್ಟ್: ನಾನೂ ಮಾಡಿಸಿಬಿಡಲಾ?

ಪ್ರಶ್ನೆ: ನಮ್ಮಮ್ಮನಿಗೆ ಎಪ್ಪತ್ತು ದಾಟಿದ ಮೇಲೆ ಅಲ್ಝೈಮರ್ ಬಂತು. ನನಗೀಗ 45. ಆಗಾಗ ಹೆಸರುಗಳು ಮರೆತುಹೋಗುತ್ತವೆ. ಇದಕ್ಕೆ ರಕ್ತಪರೀಕ್ಷೆ ಬಂದಿದೆಯಂತೆ. ಶುಗರ್ ಚೆಕ್ ಮಾಡಿಸಿದ ಹಾಗೆ ಒಂದ್ಸಲ ಮಾಡಿಸಿಬಿಟ್ಟರೆ ನಿಶ್ಚಿಂತೆ ಅಲ್ವಾ?

ಉತ್ತರ: ಅಲ್ಲ. ಈ ಪ್ರಶ್ನೆ ಎಷ್ಟನೇ ಸಲ ಬರುತ್ತಿದೆಯೋ ಲೆಕ್ಕ ಬಿಟ್ಟಿದ್ದೇನೆ. ಕೇಳುವವರ ವಯಸ್ಸು ಬದಲಾಗುತ್ತದೆ, ‘ಶುಗರ್ ಚೆಕ್ ಮಾಡಿಸಿದ ಹಾಗೆ’ ಅನ್ನುವುದು ಮಾತ್ರ ಬದಲಾಗುವುದಿಲ್ಲ. ಇವತ್ತು ಅದನ್ನೇ ಹಿಡಿದು ಕೂರೋಣ.

ಪರೀಕ್ಷೆ ಬಂದಿರುವುದು ನಿಜ. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಮೊದಲ ರಕ್ತಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಪಿ-ಟೌ 217 ಮತ್ತು ಅಮಿಲಾಯ್ಡ್ 42 ಅನ್ನುವ ಎರಡು ಪ್ರೋಟೀನ್‌ಗಳನ್ನು ಅಳೆದು ಅನುಪಾತ ನೋಡುತ್ತಾರೆ. ಅಲ್ಲಿಯವರೆಗೆ ಮಿದುಳಿನ ದುಬಾರಿ ಪೆಟ್ ಸ್ಕ್ಯಾನ್ ಬೇಕಿತ್ತು, ಇಲ್ಲವೇ ಬೆನ್ನುಮೂಳೆಯಿಂದ ನೀರು ತೆಗೆಯಬೇಕಿತ್ತು. ದೊಡ್ಡ ಹೆಜ್ಜೆಯೇ. ಆದರೆ ಒಪ್ಪಿಗೆ ಸಿಕ್ಕಿದ್ದು ಮರೆವಿನ ಲಕ್ಷಣ ಇರುವವರಿಗೆ, ಅದೂ ತಜ್ಞರ ಉಸ್ತುವಾರಿಯಲ್ಲಿ. ಸುಮ್ನೆ ನೋಡೋಣ ಅನ್ನುವವರಿಗಲ್ಲ.

ಶುಗರ್‌ಗೂ ಇದಕ್ಕೂ ಏನು ವ್ಯತ್ಯಾಸ? ರಕ್ತದಲ್ಲಿ ಸಕ್ಕರೆ ಏರುವುದೇ ಶುಗರ್ ಕಾಯಿಲೆ, ಅಳೆಯುವುದು ಕಾಯಿಲೆಯನ್ನೇ. ಇಲ್ಲಿ ಯಾರೂ ಮರೆವನ್ನು ಅಳೆಯುತ್ತಿಲ್ಲ. ಅಲ್ಝೈಮರ್‌ಗೆ ನಂಟಿರುವ ಅಮಿಲಾಯ್ಡ್ ಪ್ರೋಟೀನ್ ಮಿದುಳಿನಲ್ಲಿ ಶೇಖರವಾಗಿದೆಯೇ ಅನ್ನುವುದರ ಸುಳಿವು ಹುಡುಕುತ್ತಿದ್ದಾರೆ, ಅಷ್ಟೆ. ಅದು ಶೇಖರವಾಗಲು ಶುರುವಾಗುವುದು ಮರೆವು ಕಾಣುವುದಕ್ಕೆ 15–20 ವರ್ಷ ಮೊದಲು. ಶೇಖರವಾಗಿದ್ದರೂ ಕೊನೆಯವರೆಗೆ ಹಾಲಿನ ಲೆಕ್ಕ ತಪ್ಪದೆ ಬದುಕಿದವರು ಎಷ್ಟೋ ಜನ. ಇನ್ನು ಕಿಡ್ನಿ ತೊಂದರೆ ಇದ್ದರೆ ಮಿದುಳು ಸರಿಯಿದ್ದರೂ ಪಿ-ಟೌ ಏರಬಹುದು.

‘ಆದರೂ ನೂರಕ್ಕೆ 90ರಷ್ಟು ನಿಖರ ಅಂತಾರಲ್ಲ?’ ಬನ್ನಿ, ಪೆನ್ನು ತಗೊಳ್ಳಿ. ನಿಮ್ಮಂಥ ಆರೋಗ್ಯವಂತರು 1000 ಜನ. ಅವರಲ್ಲಿ 50 ಮಂದಿಗೆ ಅಮಿಲಾಯ್ಡ್ ಇದೆ ಅಂತ ಧಾರಾಳವಾಗಿಯೇ ಹಿಡಿಯೋಣ. ಪರೀಕ್ಷೆ ಅವರಲ್ಲಿ 45 ಜನರನ್ನು ಹಿಡಿಯುತ್ತದೆ. ಭೇಷ್. ಉಳಿದ 950ರಲ್ಲಿ ನೂರಕ್ಕೆ ಹತ್ತು ತಪ್ಪು, ಅಂದರೆ 95 ಜನ. ಏನೂ ಇಲ್ಲದವರು. ಒಟ್ಟು 140 ಪಾಸಿಟಿವ್‌ನಲ್ಲಿ ಮೂರನೇ ಎರಡು ಭಾಗ ಸುಳ್ಳು! ಅದೇ ಪರೀಕ್ಷೆ, ಮರೆವಿನ ತೊಂದರೆಗೆಂದೇ ಮೆಮೊರಿ ಕ್ಲಿನಿಕ್‌ಗೆ ಬಂದ 1000 ಜನರಲ್ಲಿ 600 ಮಂದಿಗೆ ಅಮಿಲಾಯ್ಡ್ ಇದೆ ಅನ್ನಿ: 540 ಸರಿ, 40 ತಪ್ಪು. ಯಂತ್ರ ಬದಲಾಗಲಿಲ್ಲ, ಎದುರು ಕೂತವರು ಬದಲಾದರು. ಇಷ್ಟು ಗಣಿತ ಎಂಟನೇ ಕ್ಲಾಸಿನದು. ಹೆಲ್ತ್ ಚೆಕಪ್ ಪ್ಯಾಕೇಜ್ ಮಾರುವವರು ಹೇಳುವುದಿಲ್ಲ, ಅಷ್ಟೆ.

ಪಾಸಿಟಿವ್ ಬಂತು ಅಂತಲೇ ಇಟ್ಟುಕೊಳ್ಳಿ. ಲೆಕಾನೆಮ್ಯಾಬ್, ಡೊನಾನೆಮ್ಯಾಬ್‌ನಂಥ ಹೊಸ ಔಷಧಗಳು ಮರೆವು ಶುರುವಾದವರಿಗೆ. ಲಕ್ಷಣವೇ ಇಲ್ಲದವರಿಗೆ ಒಪ್ಪಿಗೆ ಇಲ್ಲ. ಆ ಚೀಟಿ ಇಟ್ಟುಕೊಂಡು ರಾತ್ರಿಯೆಲ್ಲಾ ಏನು ಮಾಡುತ್ತೀರಿ?

ಮರೆವು ನಿಜಕ್ಕೂ ಕಾಡುತ್ತಿದ್ದರೆ ಮೊದಲು ಬಿ12, ಥೈರಾಯ್ಡ್ ನೋಡಿಸಿ. ನಮ್ಮ ಪಕ್ಕದ ಮನೆಯ ಅಜ್ಜಿ ಕಾಫಿಗೆ ಉಪ್ಪು ಹಾಕಿದಾಗ ಎಲ್ಲರೂ ‘ಅರಳು ಮರಳು’ ಅಂದರು. ನೋಡಿದರೆ ಬಿ12 ಪಾತಾಳದಲ್ಲಿತ್ತು. ಇಂಜೆಕ್ಷನ್ ಆದ ಮೇಲೆ ಸೊಸೆಯ ತಪ್ಪುಗಳನ್ನು ತಾರೀಖು ಸಮೇತ ಹೇಳುತ್ತಿದ್ದಾರೆ.

ಅಂದಹಾಗೆ, ಯಾರೂ ಕೇಳದಿದ್ದರೂ ಹೇಳುತ್ತೇನೆ: 217 ಅಂದರೆ ಏನು? ಒಬ್ಬರು ಗಾಬರಿಯಾಗಿ ‘ಸಾರ್, ನನ್ನದು 217 ಬಂದಿದೆ’ ಅಂತ ರಿಪೋರ್ಟ್ ಹಿಡಿದು ಬಂದಿದ್ದರು. ಅದು ಬಂದಿರುವುದಲ್ಲ ಮಾರಾಯ್ರೇ, ಅದು ವಿಳಾಸ! ಟೌ ಅನ್ನುವುದು ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಉದ್ದದ ಸರದಲ್ಲಿ 441 ಮಣಿ. ಅದರ 217ನೇ ಮಣಿಗೆ ಫಾಸ್ಫೇಟ್ ಅಂಟಿಕೊಂಡರೆ ಅದು ಪಿ-ಟೌ 217. ರಕ್ತದಲ್ಲಿ ಅದನ್ನು ಅಳೆಯುವುದು ಪೈಕೋಗ್ರಾಮ್‌ನಲ್ಲಿ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅವರ ನಿಜವಾದ ರೀಡಿಂಗ್ ಪಕ್ಕದ ಕಾಲಂನಲ್ಲಿ, ಸೊನ್ನೆ ಆದಮೇಲೆ ಒಂದು ಚುಕ್ಕಿ ಇಟ್ಟು ಸಣ್ಣಗೆ ಕೂತಿತ್ತು.