ಗ್ಯಾನೋಡರ್ಮಾ ಕ್ಯಾಪ್ಸೂಲ್ ಶುರು ಮಾಡಿದ್ಮೇಲೆ ಶುಗರ್ ಮಾತ್ರೆ ನಿಲ್ಲಿಸ್ಬೋದಾ?

ಪ್ರಶ್ನೆ: ನಮ್ಮಪ್ಪನಿಗೆ 64 ವರ್ಷ. ಶುಗರ್ ಇದೆ, ಹೋದ ವರ್ಷ ಹಾರ್ಟ್‌ಗೆ ಸ್ಟೆಂಟ್ ಹಾಕಿದಾರೆ. ಸಂಬಂಧಿಕರೊಬ್ರು ಗ್ಯಾನೋಡರ್ಮಾ ಕ್ಯಾಪ್ಸೂಲ್ ತಂದ್ಕೊಟ್ಟು, ಮೂರು ತಿಂಗ್ಳು ಇದನ್ನ ತಗೊಂಡ್ರೆ ಬೇರೆ ಯಾವ ಮಾತ್ರೆನೂ ಬೇಕಾಗಲ್ಲ ಅಂತಿದಾರೆ. ಅಪ್ಪನಿಗೂ ಅದೇ ಆಸೆ. ಕೊಡ್ಬೋದಾ?

ಉತ್ತರ: ಮಾತ್ರೆ ಮಾತ್ರ ನಿಲ್ಲಿಸ್ಬೇಡಿ, ಒಂದು ದಿನಾನೂ ಬೇಡ. ಶುಗರ್ ಮಾತ್ರೆಗಿಂತ ನಂಗೆ ಹೆದರಿಕೆ ಆಗಿದ್ದು ಸ್ಟೆಂಟ್ ವಿಷಯ ಓದಿದಾಗ, ಯಾಕಂದ್ರೆ ಸ್ಟೆಂಟ್ ಹಾಕಿದೋರು ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟಿರೋ ಮಾತ್ರೆನ ಹೇಳ್ದೆ ಕೇಳ್ದೆ ಬಿಟ್ರೆ ಆ ಸ್ಟೆಂಟ್ ಒಳಗೇ ರಕ್ತ ಗಟ್ಟಿಯಾಗಿ ಮತ್ತೆ ಹಾರ್ಟ್ ಅಟ್ಯಾಕ್ ಆಗ್ಬೋದು. ನಾನು ಇಪ್ಪತ್ತು ವರ್ಷದಿಂದ ಮೆಡಿಕಲ್ ಸ್ಟೋರಲ್ಲಿ ಕೂತಿರೋ ಫಾರ್ಮಸಿಸ್ಟು, ಈ ಕ್ಯಾಪ್ಸೂಲ್ ಬಾಟ್ಲಿನ ಕೌಂಟರ್ ಮೇಲಿಟ್ಟು ಇದೇ ಪ್ರಶ್ನೆ ಕೇಳಿದೋರು ಎಷ್ಟೋ ಜನ ಇದಾರೆ, ಎಲ್ರಿಗೂ ಮೊದ್ಲು ಹೇಳೋದು ಇದನ್ನೇ.

ಗ್ಯಾನೋಡರ್ಮಾ ಅಂದ್ರೆ ಒಂದು ಅಣಬೆ. ಚೀನಾದಲ್ಲಿ ಲಿಂಗ್‌ಝಿ ಅಂತಾರೆ, ಜಪಾನಲ್ಲಿ ರೇಶಿ. ಚೀನಾದವರ ಹಳೇ ವೈದ್ಯ ಗ್ರಂಥಗಳಲ್ಲೇ ಇದರ ಹೆಸರಿದೆ, ಸಾವಿರಾರು ವರ್ಷದಿಂದ ಕುದಿಸಿ ಕಷಾಯ ಮಾಡ್ಕೊಂಡು ಕುಡಿದಿದಾರೆ. ಪಲ್ಯ ಮಾಡೋ ಅಣಬೆ ಥರ ಮೆತ್ತಗಿರಲ್ಲ, ಕಟ್ಟಿಗೆ ಇದ್ದ ಹಾಗೆ ಇರುತ್ತೆ. ಕ್ಯಾಪ್ಸೂಲ್ ಬಿಚ್ಚಿ ಆ ಕಂದು ಪುಡಿ ಸ್ವಲ್ಪ ನಾಲಿಗೆ ಮೇಲಿಟ್ರೆ ಕಹಿ ಗೊತ್ತಾಗುತ್ತೆ, ಅದು ಟ್ರೈಟರ್ಪಿನಾಯ್ಡ್ ಅನ್ನೋ ಅಂಶದ ಕಹಿ. ಅದರ ಜೊತೆ ಬೀಟಾ ಗ್ಲುಕಾನ್ ಅಂತ ಇನ್ನೊಂದಿದೆ, ಇಮ್ಯುನಿಟಿ ಹೆಚ್ಚುತ್ತೆ ಅಂತ ಹೇಳೋದೆಲ್ಲ ಅದನ್ನ ನಂಬ್ಕೊಂಡು.

ನಿಮ್ಮದು ಅಡಿಕೆ ತೋಟ ಇದ್ರೆ ಈ ಅಣಬೆನ ನೀವಾಗ್ಲೇ ನೋಡಿರ್ತೀರ. ಸೋಗೆ ಹಳದಿಯಾಗಿ ಜೋತು ಬೀಳುತ್ತೆ, ಬುಡದಲ್ಲಿ ಕಂದು ರಸ ಜಿನುಗುತ್ತೆ, ಆಮೇಲೆ ಒಂದಿನ ನೋಡಿದ್ರೆ ಬುಡಕ್ಕೆ ಕಚ್ಕೊಂಡ ಹಾಗೆ ಅರ್ಧ ತಟ್ಟೆ ಆಕಾರದ ಗಟ್ಟಿ ಅಣಬೆ, ಮೇಲೆ ವಾರ್ನಿಶ್ ಹೊಡೆದಷ್ಟು ಹೊಳಪು. ನಾವು ಅಣಬೆ ರೋಗ ಅಂತೀವಲ್ಲ, ಅದು ಗ್ಯಾನೋಡರ್ಮಾ ಜಾತಿದೇ ಕೆಲಸ, ತೆಂಗಿಗೂ ಬರುತ್ತೆ. ಹಾಗಂತ ದಯವಿಟ್ಟು ಯಾರೂ ಅದನ್ನ ಕಿತ್ತು ಒಣಗ್ಸಿ ಪುಡಿ ಮಾಡ್ಕೋಬೇಡಿ, ಗ್ಯಾನೋಡರ್ಮಾದಲ್ಲಿ ಬೇಕಾದಷ್ಟು ಜಾತಿ ಇದೆ, ಕಣ್ಣಲ್ಲಿ ನೋಡಿ ಇದು ಅದೇ ಅಂತ ಹೇಳೋಕಾಗಲ್ಲ, ಅದೂ ಅಲ್ದೆ ರೋಗ ಬಂದ ಮರದ ಬುಡಕ್ಕೆ ಏನೇನು ಔಷಧಿ ಸುರಿದಿರ್ತೀವೋ.

ಈಗ ಶುಗರ್ ವಿಷಯ. 2015ರಲ್ಲಿ, ಚಿಕಿತ್ಸೆಗಳ ಮೇಲಿನ ಪ್ರಯೋಗಗಳನ್ನೆಲ್ಲ ಸೇರಿಸಿ ಪರಿಶೀಲಿಸೋ ಕೋಕ್ರೇನ್ ಸಂಸ್ಥೆಯವರು ಇದರ ಮೇಲೆ ನಡೆದಿದ್ದ ಐದು ಪ್ರಯೋಗಗಳನ್ನ ಒಟ್ಟಿಗಿಟ್ಟು ನೋಡಿದ್ರು, 398 ಜನ ಇದ್ರು. ಮೂರು ತಿಂಗಳ ಸರಾಸರಿ ಶುಗರ್ ಅಂತ ಹೆಚ್‌ಬಿಎ1ಸಿ ಟೆಸ್ಟ್ ಮಾಡಿಸ್ತೀವಲ್ಲ, ಅದ್ರಲ್ಲಿ ಹೇಳ್ಕೊಳ್ಳೋ ಅಂಥ ಇಳಿಕೆ ಕಾಣ್ಲಿಲ್ಲ. ಟೈಪ್ 2 ಶುಗರ್ ಇರೋರಿಗೆ ಹೃದಯದ ಅಪಾಯ ಕಮ್ಮಿ ಮಾಡೋಕೆ ಇದನ್ನ ಕೊಡಿ ಅನ್ನೋಕೆ ಆಧಾರ ಇಲ್ಲ ಅಂತಾನೇ ಬರೆದ್ರು. ಕ್ಯಾನ್ಸರ್ ಬಗ್ಗೆನೂ ಅವರದೇ ಇನ್ನೊಂದು ಪರಿಶೀಲನೆ ಇದೆ, ಕೀಮೋ ಜೊತೆ ಕೊಟ್ಟಾಗ ಸ್ವಲ್ಪ ಸಹಾಯ ಆಗಿರ್ಬೋದು, ಆದ್ರೆ ಚಿಕಿತ್ಸೆ ಬದಲಿಗೆ ಇದೊಂದನ್ನೇ ಕೊಡೋಕೆ ಪುರಾವೆ ಇಲ್ಲ ಅಂತ.

ಗಿಡಮೂಲಿಕೆ ತಾನೇ, ಸೈಡ್ ಎಫೆಕ್ಟ್ ಏನಿರುತ್ತೆ ಅಂತ ಎಲ್ರೂ ಕೇಳ್ತಾರೆ. ಬಾಯಿ ಒಣಗೋದು, ಹೊಟ್ಟೆ ಕೆಡೋದು, ತುರಿಕೆ, ಇವೆಲ್ಲ ಸಣ್ಣವು. ಲಿವರ್‌ದು ಸಣ್ಣದಲ್ಲ. 2004ರಲ್ಲಿ ಹಾಂಗ್‌ಕಾಂಗ್‌ನಲ್ಲಿ, 2007ರಲ್ಲಿ ಥಾಯ್ಲೆಂಡ್‌ನಲ್ಲಿ ಈ ಅಣಬೆ ಪುಡಿ ತಗೊಂಡೋರಿಗೆ ಲಿವರ್ ಪೆಟ್ಟು ತಿಂದಿದ್ದನ್ನ ಡಾಕ್ಟ್ರುಗಳು ವರದಿ ಮಾಡಿದಾರೆ, ಥಾಯ್ಲೆಂಡಿನ ಆ ಹೆಣ್ಮಗಳು ಉಳೀಲಿಲ್ಲ. ಇಂಥದ್ದು ಅಪರೂಪ, ನಿಜ, ಆದ್ರೆ ಕಷಾಯ ಕುಡಿದೋರಿಗೆ ಏನೂ ಆಗಿಲ್ಲ ಅಂದ್ಬಿಟ್ಟು ಪುಡಿಗೂ ಅದೇ ಲೆಕ್ಕ ಹಾಕೋಕಾಗಲ್ಲ.

ನಿಮ್ಮಪ್ಪನ ವಿಷಯದಲ್ಲಿ ಇನ್ನೊಂದಿದೆ. ಈ ಅಣಬೆಗೆ ರಕ್ತ ಹೆಪ್ಪುಗಟ್ಟೋದನ್ನ ತಡೆಯೋ ಗುಣ ಸ್ವಲ್ಪ ಇರ್ಬೋದು, ಅವರು ಈಗಾಗ್ಲೇ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಥರದ ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿರ್ತಾರೆ, ಎರಡೂ ಸೇರಿದ್ರೆ ರಕ್ತಸ್ರಾವದ ಅಪಾಯ ಜಾಸ್ತಿ. ಒಬ್ರು ಹಿರಿಯರು ಬ್ರಶ್ ಮಾಡ್ದಾಗೆಲ್ಲ ವಸಡಲ್ಲಿ ರಕ್ತ ಬರ್ತಿದೆ ಅಂತ ನಮ್ಮ ಅಂಗಡಿಗೆ ಪೇಸ್ಟ್ ಕೇಳ್ಕೊಂಡು ಬಂದ್ರು, ಮಾತಾಡ್ತಾ ಮಾತಾಡ್ತಾ ಗೊತ್ತಾಯ್ತು ಅಳಿಯ ಇದೇ ಕ್ಯಾಪ್ಸೂಲ್ ಕೊಡ್ತಿದಾರೆ, ಇತ್ತ ರಕ್ತ ತೆಳು ಮಾಡೋ ಮಾತ್ರೆನೂ ನಡೀತಿದೆ, ಡಾಕ್ಟ್ರಿಗೆ ಒಂದು ಮಾತೂ ಹೇಳಿಲ್ಲ. ಕ್ಯಾಪ್ಸೂಲ್‌ನಿಂದಾನೇ ಆಯ್ತು ಅಂತ ನಾನು ಹೇಳೋಕಾಗಲ್ಲ, ಆದ್ರೆ ಪೇಸ್ಟ್ ಕೊಡದೆ ಸೀದಾ ಡಾಕ್ಟ್ರ ಹತ್ರ ಕಳಿಸ್ದೆ. ಕಿಡ್ನಿ ಬದಲಾಯಿಸ್ಕೊಂಡೋರು ಇದರ ಹತ್ರಾನೂ ಹೋಗ್ಬಾರ್ದು, ಆಪರೇಷನ್ ಇರೋರು ಎರಡು ವಾರ ಮೊದ್ಲೇ ನಿಲ್ಲಿಸ್ಬೇಕು.

ಬಾಟ್ಲಿ ತಿರುಗ್ಸಿ ನೋಡಿ. ಫುಡ್ ಸಪ್ಲಿಮೆಂಟ್ ಅಂತ ಮಾರೋದಕ್ಕೆ ‘ಔಷಧಿಯಾಗಿ ಬಳಸಲು ಅಲ್ಲ’ ಅನ್ನೋ ಅರ್ಥದ ಇಂಗ್ಲಿಷ್ ಸಾಲು ಇರಲೇಬೇಕು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಡಬ್ಬಿ ಮೇಲೆ ಔಷಧಿ ಅಲ್ಲ ಅಂತ ಅಚ್ಚು ಹಾಕಿ ಬಾಯಲ್ಲಿ ಶುಗರ್ ವಾಸಿಯಾಗುತ್ತೆ ಅನ್ನೋದು ನಂಗೆ ನಿಜವಾಗ್ಲೂ ಸಿಟ್ಟು ಬರ್ಸುತ್ತೆ, ಶುಗರ್, ಕ್ಯಾನ್ಸರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದನ್ನ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆನೇ ತಡೆಯುತ್ತೆ. ಒಳಗಿರೋದು ಅದೇ ಅಣಬೆನಾ ಅನ್ನೋದೂ ಗ್ಯಾರಂಟಿ ಇಲ್ಲ, ಅಮೆರಿಕದಲ್ಲಿ ಮಾರ್ತಿದ್ದ 19 ರೇಶಿ ಸಪ್ಲಿಮೆಂಟ್ ಪರೀಕ್ಷೆ ಮಾಡಿ 2017ರಲ್ಲಿ ವರದಿ ಕೊಟ್ರು, ಲೇಬಲ್‌ಗೆ ಸರಿಹೊಂದಿದ್ದು ಐದೇ. ಗ್ಯಾನೋಡರ್ಮಾ ಕಾಫಿ ಸ್ಯಾಶೆನೂ ಕೊಟ್ಟಿದ್ರೆ ಅದ್ರಲ್ಲಿ ಸಕ್ಕರೆ ಎಷ್ಟಿದೆ ಓದಿ.

ಈಗಾಗ್ಲೇ ಶುರು ಮಾಡಿದ್ರೆ ಸದ್ಯಕ್ಕೆ ಕ್ಯಾಪ್ಸೂಲ್ ನಿಲ್ಲಿಸಿ, ಬಾಟ್ಲಿ ಸಮೇತ ಹಾರ್ಟ್ ಡಾಕ್ಟ್ರ ಹತ್ರ ಹೋಗಿ, ಲಿವರ್ ಟೆಸ್ಟ್ ಬೇಕಾ ಕೇಳಿ. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮಲ ಕಪ್ಪಗೆ, ಮೂಗಲ್ಲಿ ರಕ್ತ, ಇದ್ರಲ್ಲಿ ಒಂದು ಕಂಡ್ರೂ ಅವತ್ತೇ ಹೋಗಿ. ಸಂಬಂಧಿಕರ ಹತ್ರ ಜಗಳ ಬೇಡ, ಅವರೂ ಒಳ್ಳೇದಾಗ್ಲಿ ಅಂತಾನೇ ಕೊಟ್ಟಿರ್ತಾರೆ, ‘ಡಾಕ್ಟ್ರಿಗೆ ತೋರಿಸ್ತೀವಿ, ಅವರು ಹೂಂ ಅಂದ್ರೆ ಕೊಡ್ತೀವಿ’ ಅಂದ್ಬಿಡಿ.