ಚೀಲದ ಹಿಂಬದಿ ಓದಿ, ಆಮೇಲೆ ದುಡ್ಡು ಕೊಡಿ

ಐದು ತಿಂಗಳ ಲ್ಯಾಬ್ರಡಾರ್ ಮರಿ. ಗಂಡ, ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು, ಮೂವರೂ ಅದರ ಜೊತೆ ಕ್ಲಿನಿಕ್ಕಿಗೆ ಬಂದಿದ್ದರು. ಮರಿಯ ಮುಂಗಾಲುಗಳು ಮಣಿಕಟ್ಟಿನ ಹತ್ತಿರ ಹೊರಗಡೆಗೆ ಬಾಗಿದ್ದವು. ನಾಲ್ಕು ಹೆಜ್ಜೆ ನಡೆದು ಕೂತುಬಿಡುತ್ತಿತ್ತು. ಏನು ಕೊಡ್ತಿದ್ದೀರಿ ಎಂದು ಕೇಳಿದೆ. ಒಳ್ಳೆಯ ಪಪ್ಪಿ ಫುಡ್, ಜೊತೆಗೆ ಎರಡು ಹೊತ್ತು ಕ್ಯಾಲ್ಸಿಯಂ ಸಿರಪ್, ಹಾಲು, ಮೊಟ್ಟೆ.

"ಮೂಳೆ ಗಟ್ಟಿಯಾಗ್ಲಿ ಅಂತ ಡಾಕ್ಟ್ರೇ. ಇನ್ನೂ ಏನು ಕೊಡ್ಬೇಕಿತ್ತು?" ಎಂದರು ಆ ತಾಯಿ.

ಅವರು ಕೊಟ್ಟಿದ್ದು ಕಡಿಮೆಯಾಗಿರಲಿಲ್ಲ. ಜಾಸ್ತಿಯಾಗಿತ್ತು. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಕಷ್ಟವಾಗುತ್ತದೆ. ಪ್ರೀತಿಯಿಂದ ಹಾಕಿದ್ದೇ ಮರಿಯ ಕಾಲಿಗೆ ತೊಂದರೆ ಮಾಡಿತು ಎಂದು ಹೇಗೆ ಹೇಳುವುದು?

ಆದದ್ದು ಇಷ್ಟು. ಬೆಳೆದ ನಾಯಿಯ ಕರುಳು ತನಗೆ ಬೇಕಾದಷ್ಟು ಕ್ಯಾಲ್ಸಿಯಂ ಹೀರಿಕೊಂಡು ಉಳಿದದ್ದನ್ನು ಹೊರಗೆ ಹಾಕುತ್ತದೆ. ಮರಿಗೆ ಆ ತಡೆ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಊಟದಲ್ಲಿ ಜಾಸ್ತಿ ಇದ್ದರೆ ಮೈಗೂ ಜಾಸ್ತಿ ಸೇರುತ್ತದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಹೆಚ್ಚು ಕ್ಯಾಲ್ಸಿಯಂ ಕೊಟ್ಟು ನೋಡಿದಾಗ ಮೂಳೆಯ ಬೆಳವಣಿಗೆಯೇ ಏರುಪೇರಾಗಿತ್ತು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್ ತರಹದ ದೊಡ್ಡ ತಳಿಗಳು ಒಂದೇ ವರ್ಷದಲ್ಲಿ ಎತ್ತರಕ್ಕೆ ಬೆಳೆದುಬಿಡುತ್ತವೆ. ಅದಕ್ಕೇ ಪೆಟ್ಟು ಅವಕ್ಕೇ ಜಾಸ್ತಿ.

ಹಾಗಾಗಿ ದೊಡ್ಡ ತಳಿಯ ಮರಿಗೆ ಡ್ರೈ ಫುಡ್ ಕೊಳ್ಳುವಾಗ ಚೀಲ ತಿರುಗಿಸಿ ಮೊದಲು ಕ್ಯಾಲ್ಸಿಯಂ ಎಷ್ಟಿದೆ ನೋಡಿ. ಎಎಎಫ್‌ಸಿಒ ಎಂಬ ಅಮೆರಿಕದ ಸಂಸ್ಥೆಯ ಮಾನದಂಡವನ್ನು ನಮ್ಮಲ್ಲಿ ಸಿಗುವ ಎಷ್ಟೋ ಚೀಲಗಳ ಮೇಲೂ ಕಾಣಬಹುದು. ಅದರ ಪ್ರಕಾರ, ತೇವಾಂಶ ಬಿಟ್ಟು ಲೆಕ್ಕ ಹಾಕಿದರೆ, ಬೆಳೆಯುವ ಮರಿಯ ಊಟದಲ್ಲಿ ಕನಿಷ್ಠ 1.2% ಕ್ಯಾಲ್ಸಿಯಂ ಇರಬೇಕು. ಬೆಳೆದ ಮೇಲೆ ಸುಮಾರು 32 ಕಿಲೋ ದಾಟುವ ತಳಿಗಳಿಗೆ 1.8% ಮೀರಬಾರದು. ರಂಜಕಕ್ಕಿಂತ ಕ್ಯಾಲ್ಸಿಯಂ ಕಡಿಮೆ ಇರಬಾರದು, ಎರಡು ಪಟ್ಟಿಗಿಂತ ಜಾಸ್ತಿಯೂ ಇರಬಾರದು. ಇಂಥ ಊಟ ಕೊಡುತ್ತಿದ್ದರೆ ಮೇಲೆ ಸಿರಪ್ಪೂ ಬೇಡ, ಮಾತ್ರೆಯೂ ಬೇಡ.

ಇದರ ಉಲ್ಟಾ ಕೇಸೂ ಬರುತ್ತದೆ. ಮೂಳೆ ತೆಗೆದ ಚಿಕನ್ ಮತ್ತು ಅನ್ನ, ಇಷ್ಟರಲ್ಲೇ ಬೆಳೆದ ಮರಿ. ಮಾಂಸದಲ್ಲಿ ರಂಜಕ ಬೇಕಾದಷ್ಟಿದೆ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆಗ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಸೋಫಾದಿಂದ ಹಾರಿದರೂ ಮೂಳೆ ಮುರಿಯುವಂಥ ಮರಿಗಳನ್ನು ನೋಡಿದ್ದೇನೆ.

ಇನ್ನು ಪ್ರೋಟೀನ್. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಇದೊಂದನ್ನೇ. ಬೆಳೆದ ನಾಯಿಗೆ ಕನಿಷ್ಠ 18%, ಮರಿಗೆ 22.5%, ಇದೂ ತೇವಾಂಶ ಬಿಟ್ಟು. ಮಾರುಕಟ್ಟೆಯ ಬಹುಪಾಲು ಚೀಲಗಳು ಇದನ್ನು ದಾಟಿರುತ್ತವೆ. 24 ಒಳ್ಳೆಯದೋ 28 ಒಳ್ಳೆಯದೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಚೀಲದ ಮೇಲಿನ ಕ್ರೂಡ್ ಪ್ರೋಟೀನ್ ಎಂಬ ಸಂಖ್ಯೆ ಆಹಾರದಲ್ಲಿರುವ ಸಾರಜನಕವನ್ನು ಅಳೆದು ಹಾಕಿದ ಲೆಕ್ಕ. ಅದು ಎಂಥ ಪ್ರೋಟೀನ್, ಎಷ್ಟು ಜೀರ್ಣವಾಗುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. 2007ರಲ್ಲಿ ಬಯಲಾದಂತೆ, ಚೀನಾದಿಂದ ಅಮೆರಿಕಕ್ಕೆ ಹೋಗಿ ನಾಯಿ, ಬೆಕ್ಕಿನ ಆಹಾರ ಸೇರಿದ ಗೋಧಿ ಗ್ಲುಟೆನ್‌ಗೆ, ಅಂದರೆ ಗೋಧಿಯ ಪ್ರೋಟೀನಿಗೆ, ಸಾರಜನಕ ಹೆಚ್ಚಿರುವ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ್ದು ಈ ಲೆಕ್ಕ ಏರಿಸುವುದಕ್ಕೇ. ಪ್ರೋಟೀನ್ ಸಂಖ್ಯೆ ಚೆನ್ನಾಗಿಯೇ ಕಂಡಿತು. ಆ ಆಹಾರ ತಿಂದ ನಾಯಿ, ಬೆಕ್ಕುಗಳ ಕಿಡ್ನಿ ಹೋಯಿತು.

ಚೀಲದ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಚಿಕನ್ ಇದೆ ಎಂಬುದನ್ನೂ ಸ್ವಲ್ಪ ಯೋಚಿಸಿ ನಂಬಿ. ಬೇಯಿಸುವ ಮುಂಚಿನ ತೂಕದ ಪ್ರಕಾರ ಹೆಸರು ಬರೆಯುತ್ತಾರೆ. ಹಸಿ ಕೋಳಿ ಮಾಂಸದಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ, ಆ ನೀರು ಹೋದ ಮೇಲೆ ಉಳಿಯುವುದು ಕಡಿಮೆ.

ಧಾನ್ಯವಿಲ್ಲದ ಫುಡ್ಡೇ ಬೇಕು ಎಂದು ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ. ನಾಯಿ ತೋಳದಿಂದ ಬೇರೆಯಾಗುತ್ತಾ ಪಿಷ್ಟ ಜೀರ್ಣಿಸಿಕೊಳ್ಳುವುದನ್ನು ಕಲಿತಿದೆ. ಆ ಕೆಲಸದ ಜೀನ್ ನಾಯಿಯಲ್ಲಿ ತೋಳಕ್ಕಿಂತ ಎಷ್ಟೋ ಹೆಚ್ಚು ಪ್ರತಿಗಳಲ್ಲಿದೆ ಎಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ನಮ್ಮ ಊರ ನಾಯಿಗಳು ಮುದ್ದೆ, ಅನ್ನ ತಿಂದೇ ಬೆಳೆದವಲ್ವಾ? 2018ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬೇರೆಯೇ ಒಂದು ಎಚ್ಚರಿಕೆ ಕೊಟ್ಟಿತು. ಬಟಾಣಿ, ಬೇಳೆ ತುಂಬಿದ ಧಾನ್ಯವಿಲ್ಲದ ಆಹಾರ ತಿನ್ನುತ್ತಿದ್ದ ಕೆಲವು ನಾಯಿಗಳ ಹೃದಯ ಹಿಗ್ಗಿ ದುರ್ಬಲವಾಗಿರುವ ವರದಿಗಳು ಬಂದಿದ್ದವು. ಕಾರಣ ಅದೇ ಎಂದು ಸಾಬೀತಾಗಿಲ್ಲ. ಆದರೂ ಲಾಭ ಕಾಣದ ಕಡೆ ದುಬಾರಿ ದುಡ್ಡು ಕೊಟ್ಟು ಆ ಅಪಾಯ ಯಾಕೆ ತರುವುದು? ಮೈ ಕೆರೆದುಕೊಳ್ಳುತ್ತದೆ ಎಂದು ಧಾನ್ಯ ಬಿಡಿಸುವ ಮೊದಲು ಉಣ್ಣಿ, ಚಿಗಟ ಇದೆಯೇ ನೋಡಿಸಿ. ಊಟದ ಅಲರ್ಜಿಯೇ ಆಗಿದ್ದರೂ ದನದ ಮಾಂಸ, ಹಾಲು, ಕೋಳಿಯೇ ಗೋಧಿಗಿಂತ ಹೆಚ್ಚು ಸಲ ಕಾರಣವಾಗಿರುತ್ತವೆ.

ಬೆಳೆದ ನಾಯಿಗೆ ಆರಿಸುವಾಗ ನಾನು ಮೊದಲು ಹುಡುಕುವುದು ಕ್ಯಾಲರಿ. ಕಿಲೋಗೆ ಎಷ್ಟು ಕ್ಯಾಲರಿ ಎಂದು ಸಣ್ಣ ಅಕ್ಷರದಲ್ಲಿ ಎಲ್ಲೋ ಮೂಲೆಯಲ್ಲಿರುತ್ತದೆ. ಸಂತಾನಹರಣ ಆಪರೇಷನ್ ಆದ, ಮನೆಯಲ್ಲೇ ಇರುವ 30 ಕಿಲೋ ನಾಯಿಗೆ ದಿನಕ್ಕೆ ಸುಮಾರು 1,400 ಕ್ಯಾಲರಿ ಸಾಕು. ಕಿಲೋಗೆ 3,400 ಕ್ಯಾಲರಿ ಇರುವ ಫುಡ್ ಆದರೆ ಅದು ಸುಮಾರು 410 ಗ್ರಾಂ. 4,000 ಇರುವುದಾದರೆ 350 ಗ್ರಾಂ ಅಷ್ಟೇ. ಮೊದಲನೆಯದು ಮುಗಿದು ಎರಡನೆಯದನ್ನು ತಂದಿರಿ, ಹಾಕುವ ಗ್ರಾಂ ಮಾತ್ರ ಬದಲಾಯಿಸಲಿಲ್ಲ ಎಂದುಕೊಳ್ಳಿ. ದಿನಕ್ಕೆ 240 ಕ್ಯಾಲರಿ ಸುಮ್ನೆ ಜಾಸ್ತಿ ಹೋಯಿತು. ಎರಡಕ್ಕಿಂತ ಹೆಚ್ಚು ಚಪಾತಿಯ ಲೆಕ್ಕ. ಅದಕ್ಕೇ ಕಪ್ ಬಿಟ್ಟು ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ತೂಗಿ ಹಾಕಿ ಎನ್ನುತ್ತೇನೆ. ಬೆಲೆ ಹೋಲಿಸುವಾಗಲೂ ಕಿಲೋ ಬೆಲೆ ನೋಡದೆ ದಿನದ ಖರ್ಚು ಲೆಕ್ಕ ಹಾಕಿ. ಎಷ್ಟೋ ಸಲ ದುಬಾರಿ ಎನಿಸಿದ ಚೀಲ ಹೆಚ್ಚು ದಿನ ಬಂದು ಖರ್ಚು ಸರಿಸಮವೇ ಆಗುತ್ತದೆ.

ತೂಕದ ವಿಷಯವನ್ನು ಇಷ್ಟು ಹೇಳುವುದಕ್ಕೆ ಕಾರಣವಿದೆ. ಪ್ಯೂರಿನಾ ಕಂಪನಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿತು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಊಟ. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಚ್ಚು ತಿಂದ ಗುಂಪಿನ ಆಯಸ್ಸಿನ ಮಧ್ಯಬಿಂದು 11.2 ವರ್ಷ, ಕಡಿಮೆ ತಿಂದ ಗುಂಪಿನದು 13 ವರ್ಷ. ಕೀಲುನೋವಿನ ಕಾಯಿಲೆಯೂ ತಡವಾಗಿ ಬಂತು. ಔಷಧಿಯಿಂದ ಇಷ್ಟು ವರ್ಷ ಕೊಡುವುದು ನನ್ನ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿದೆ.

ಪಕ್ಕೆಲುಬಿನ ಮೇಲೆ ಕೈಯಾಡಿಸಿ. ಒತ್ತದೆಯೇ ಎಲುಬು ಕೈಗೆ ಸಿಗಬೇಕು. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಮುಧೋಳ ನಾಯಿ ಸಾಕಿದವರಿಗೆ ಬೇರೆಯೇ ಮಾತು: ಓಟಕ್ಕೆಂದೇ ಬೆಳೆದ ತಳಿ ಅದು, ಎಲುಬು ಸ್ವಲ್ಪ ಕಂಡರೂ ಆರೋಗ್ಯವಾಗಿಯೇ ಇರುತ್ತದೆ. ಬಡಕಲಾಯಿತು ಎಂದು ನೆಂಟರು ಹೇಳಿದರೆಂದು ದಪ್ಪ ಮಾಡಬೇಡಿ.

ನಮ್ಮ ಮನೆಗಳಲ್ಲಿ ಬರೀ ಡ್ರೈ ಫುಡ್ ಹಾಕುವವರು ಕಡಿಮೆ. ಅರ್ಧ ಫುಡ್, ಅರ್ಧ ಮೊಸರನ್ನ. ಬೆಳೆದ ನಾಯಿಗೆ ಮೊಸರನ್ನ, ಬಿಸ್ಕತ್ತು ಎಲ್ಲಾ ಸೇರಿ ದಿನದ ಕ್ಯಾಲರಿಯ ಹತ್ತರಲ್ಲಿ ಒಂದು ಪಾಲು ಮೀರದಿದ್ದರೆ ಚಿಂತೆಯಿಲ್ಲ. ಅರ್ಧಕ್ಕರ್ಧ ಅನ್ನ ಬೆರೆಸಿದರೆ ಚೀಲದೊಳಗಿನ ಲವಣ, ವಿಟಮಿನ್ನಿನ ಲೆಕ್ಕವೆಲ್ಲ ತೆಳುವಾಗುತ್ತದೆ, ಮರಿಗಂತೂ ಬೇಡ. ಮನೆ ಊಟವೇ ಕೊಡಬೇಕೆಂದರೆ ಅದಕ್ಕೆಂದೇ ವೈದ್ಯರ ಹತ್ತಿರ ಪ್ರಮಾಣ ಬರೆಸಿಕೊಳ್ಳಿ. ಫುಡ್ ಮೆತ್ತಗಾಗಲಿ ಎಂದು ಸಾಂಬಾರ್ ಮಾತ್ರ ಸುರಿಯಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬಿಸಿನೀರು ಸಾಕು.

ಗೋಣಿಯಿಂದ ತೂಗಿ ಕೊಡುವ ಬಿಡಿ ಫುಡ್ ತರಬೇಡಿ. ಅದಕ್ಕೆ ತಾರೀಖೂ ಇಲ್ಲ, ಓದುವುದಕ್ಕೆ ಹಿಂಬದಿಯೂ ಇಲ್ಲ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೆರೆದ ಚೀಲಕ್ಕೆ ಬೇಗ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟಿನ ವಿಷ ನೇರ ಲಿವರಿಗೆ ಹೊಡೆತ. ಒಂದು ತಿಂಗಳಲ್ಲಿ ಮುಗಿಯುವಷ್ಟೇ ತಂದು, ಚೀಲದ ಸಮೇತ ಡಬ್ಬಿಯೊಳಗಿಡಿ. ಫುಡ್ ಬದಲಿಸುವಾಗ ಏಳರಿಂದ ಹತ್ತು ದಿನ ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗಿ, ಇಲ್ಲದಿದ್ದರೆ ಭೇದಿ ಶುರುವಾಗುತ್ತದೆ.

ಆ ಲ್ಯಾಬ್ರಡಾರ್ ಮರಿಗೆ ಸಿರಪ್ ನಿಲ್ಲಿಸಿದೆವು. ಊಟವನ್ನು ತೂಗಿ, ತೂಕ ಬೇಗ ಏರದಂತೆ ನೋಡಿಕೊಂಡೆವು. ಕಾಲು ಬಹಳ ಮಟ್ಟಿಗೆ ನೆಟ್ಟಗಾಯಿತು, ಎಡಗಾಲಿನಲ್ಲಿ ಸ್ವಲ್ಪ ಸೊಟ್ಟ ಉಳಿಯಿತು. ಕಳೆದ ತಿಂಗಳು ಆ ತಾಯಿ ಅಂಗಡಿಯಿಂದಲೇ ಫೋನ್ ಮಾಡಿದ್ದರು. ಅವರ ತಂಗಿ ಮನೆಗೆ ರಾಟ್‌ವೈಲರ್ ಮರಿ ಬಂದಿದೆಯಂತೆ.

"ಡಾಕ್ಟ್ರೇ, ಕ್ಯಾಲ್ಸಿಯಂ 1.3 ಅಂತ ಇದೆ. ಕ್ಯಾಲರಿ ಎಲ್ಲೂ ಬರ್ದಿಲ್ಲ. ತಗೊಳ್ಳೋದಾ, ಬೇಡ್ವಾ?"

ಚೀಲದ ಮೇಲೆ ಕಂಪನಿ ನಂಬರ್ ಇರುತ್ತೆ, ಕೇಳಿ ನೋಡಿ, ಹೇಳದಿದ್ದರೆ ಪಕ್ಕದ ಚೀಲ ತಿರುಗಿಸಿ ಎಂದೆ.