ಕೈ ತೊಳೆಯುವುದನ್ನು ಆಟ ಆಡಿಸಿ ಕಲಿಸಿದರೆ

ನರ್ಸಿಂಗ್ ಓದುತ್ತಿರುವ ಯಾರನ್ನೇ ಕೇಳಿ, ಆಸ್ಪತ್ರೆಯಲ್ಲಿ ಕೈ ಶುಚಿ ಮಾಡಿಕೊಳ್ಳಬೇಕಾದ ಐದು ಸಂದರ್ಭಗಳನ್ನು ಗಡಗಡ ಒಪ್ಪಿಸುತ್ತಾರೆ. ರೋಗಿಯನ್ನು ಮುಟ್ಟುವ ಮೊದಲು, ಇಂಜೆಕ್ಷನ್ ಅಥವಾ ಡ್ರೆಸ್ಸಿಂಗ್‌ನಂಥ ಕೆಲಸಕ್ಕೆ ಮೊದಲು, ರಕ್ತ-ಮೂತ್ರ ತಗುಲಿರಬಹುದಾದ ಕೆಲಸ ಮುಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಸುತ್ತಲಿನ ಮಂಚ-ಟೇಬಲ್ಲು ಮುಟ್ಟಿದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯಲ್ಲಿ ಇರುವುದು ಇದೇ. ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ. ಆದರೆ ವಾರ್ಡ್ ತುಂಬಿ, ಒಂದು ಮಂಚದಿಂದ ಗ್ಲೂಕೋಸ್ ಖಾಲಿಯಾಯ್ತು ಅಂತ ಕೂಗು, ಇನ್ನೊಂದು ಕಡೆ ಬಿಪಿ ನೋಡಬೇಕು, ಬಾಗಿಲಲ್ಲಿ ಗಂಜಿ ಡಬ್ಬಿ ಹಿಡಿದ ನೆಂಟರು ಬೇರೆ ನಿಂತಿದ್ದಾರೆ ಎನ್ನುವಾಗ, 'ನಾನು ರೋಗಿಯನ್ನು ಮುಟ್ಟಿಲ್ಲ, ಸುಮ್ನೆ ಮಂಚ ಸರಿಸಿದ್ದು' ಅಂದುಕೊಂಡು ಮುಂದೆ ಹೋಗುವುದು ಬಹಳ ಸುಲಭ.

ಇದನ್ನು ಸೋಮಾರಿತನ ಅಂತ ಬೈದು ಬಿಡುವುದು ತಪ್ಪು ಅಂತ ನನಗೆ ಅನಿಸುತ್ತದೆ. ಬಿಸಿ ಕಾವಲಿ ಮುಟ್ಟಿದರೆ ಕೈ ಆಗಲೇ ಸುಡುತ್ತದೆ, ಪಾಠವೂ ಆಗಲೇ ಆಗುತ್ತದೆ. ಸೋಂಕಿನಲ್ಲಿ ಹಾಗಿಲ್ಲ. ಆಸ್ಪತ್ರೆಯಲ್ಲೇ ಅಂಟಿದ ಸೋಂಕು ಎಂದು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ರೋಗಿ ದಾಖಲಾಗಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡದ್ದನ್ನು. ಅಷ್ಟರೊಳಗೆ ಡ್ಯೂಟಿ ಬದಲಾಗಿರುತ್ತದೆ, ಹತ್ತಾರು ಕೈಗಳು ಆ ರೋಗಿಯನ್ನು ಮುಟ್ಟಿರುತ್ತವೆ. ಯಾರ ಕೈಯಿಂದ ಬಂತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪು ಮಾಡಿದವರಿಗೆ ತಾವು ತಪ್ಪು ಮಾಡಿದ್ದೇ ತಿಳಿಯದಿದ್ದರೆ ಕಲಿಯುವುದು ಹೇಗೆ?

1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಎದುರಿಸಿದ್ದೂ ಇದೇ ತೊಡಕು. ಶವಪರೀಕ್ಷೆ ಮಾಡಿದ ಕೈಯಲ್ಲೇ ಹೆರಿಗೆ ಮಾಡಿಸಲು ಬರುತ್ತಿದ್ದ ವೈದ್ಯರಿಗೆ ಅವನು ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ. ಏಪ್ರಿಲ್‌ನಲ್ಲಿ ಶೇಕಡಾ 18ರಷ್ಟಿದ್ದ ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ ಶೇಕಡಾ 2ರ ಆಸುಪಾಸಿಗೆ ಇಳಿಯಿತು. ಆದರೂ ಬಹಳ ಮಂದಿ ವೈದ್ಯರು ಒಪ್ಪಲಿಲ್ಲ. ಅವರ ಕೈ ಅವರ ಕಣ್ಣಿಗೆ ಶುಚಿಯಾಗಿಯೇ ಕಾಣುತ್ತಿತ್ತು.

ಆಟ ಉಪಯೋಗಕ್ಕೆ ಬರುವುದು ಇಲ್ಲೇ. ಎರಡು ದಿನ ಬಿಟ್ಟು, ಅದೂ ಯಾರದ್ದೋ ಮೈಮೇಲೆ ಬರುವ ಫಲಿತಾಂಶವನ್ನು ಅದು ಐದೇ ನಿಮಿಷದಲ್ಲಿ ನಮ್ಮ ಕಣ್ಣೆದುರಿಗೆ ತರುತ್ತದೆ.

ನನ್ನ ಅಕ್ಕನ ಮಗಳು ಕಾರವಾರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವರ ಕ್ಲಾಸಿನಲ್ಲಿ ಆಡಿಸಿದ ಆಟದ ಬಗ್ಗೆ ಕೇಳಿದಾಗಿನಿಂದ ನನಗೆ ಈ ವಿಷಯದ ಮೇಲೆ ಆಸೆ ಹುಟ್ಟಿದೆ. ಮೇಡಂ ಯಾರಿಗೂ ಹೇಳದೆ ಒಂದು ಮಂಚದ ಕಂಬಿಗೆ ಪುಡಿ ಸವರಿದ್ದರು. ಮಾಮೂಲಿ ಬೆಳಕಿನಲ್ಲಿ ಆ ಪುಡಿ ಇದೆ ಅಂತಲೇ ಗೊತ್ತಾಗುವುದಿಲ್ಲ, ನೇರಳಾತೀತ ಟಾರ್ಚಿನ ಬೆಳಕು ಹಾಯಿಸಿದರೆ ಮಾತ್ರ ಹೊಳೆಯುತ್ತದೆ. ಮಂಚದ ಮೇಲೆ ಒಬ್ಬ ಹುಡುಗಿ ರೋಗಿಯಾಗಿ ಮಲಗಿದಳು. ಉಳಿದವರು ಸರದಿಯಲ್ಲಿ ಬಂದು ಜ್ವರ ನೋಡಿದರು, ಬಿಪಿ ನೋಡಿದರು, ದಿಂಬು ಸರಿಮಾಡಿದರು, ಪಕ್ಕದ ಮಂಚಕ್ಕೆ ಹೋದರು. ಆಮೇಲೆ ಕಿಟಕಿ ಮುಚ್ಚಿ, ದೀಪ ಆರಿಸಿ, ಟಾರ್ಚ್ ಹಾಕಿದರು. ಬಿಪಿ ಪಟ್ಟಿಯ ಮೇಲೆ ಹೊಳಪು. ಕೇಸ್ ಶೀಟಿನ ಅಂಚಿನಲ್ಲಿ, ಪೆನ್ನಿನ ತುದಿಯಲ್ಲಿ, ಒಬ್ಬಳು ಕೂದಲು ಸರಿಸಿಕೊಂಡ ಕಿವಿಯ ಹಿಂದೆ, ಮಾಸ್ಕ್ ಮೇಲೆಳೆದುಕೊಂಡ ಜಾಗದಲ್ಲಿ, ಎರಡನೇ ಮಂಚದ ರೋಗಿಯ ಮಣಿಕಟ್ಟಿನ ಮೇಲೆ. "ಅಯ್ಯೋ ಮೇಡಂ, ನಾನು ಗ್ಲೌಸ್ ಹಾಕಿಕೊಂಡೇ ಇದ್ದೆ!" ಅಂತ ಒಬ್ಬಳು ಕೂಗಿದಳಂತೆ. ಗ್ಲೌಸ್ ಕಾಪಾಡಿದ್ದು ಅವಳ ಕೈಯನ್ನು. ಪಕ್ಕದ ಮಂಚದ ರೋಗಿಗೆ ಅದೇ ಗ್ಲೌಸ್ ಪುಡಿ ಹೊತ್ತುಕೊಂಡು ಹೋಗಿತ್ತು.

ಹೊಳೆಯುವುದು ಪುಡಿ, ರೋಗಾಣು ಅಲ್ಲ, ಅದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು. ಆದರೆ ಕೈಯಿಂದ ಕೈಗೆ ದಾಟುವ ದಾರಿ ಒಂದೇ. ಅದೇ ಪುಡಿಯನ್ನು ಕೈಗೆ ಹಚ್ಚಿ, ಸೋಪು ಹಾಕಿ ತೊಳೆಸಿ, ಮತ್ತೆ ಟಾರ್ಚ್ ಬಿಟ್ಟರೆ ಇನ್ನೊಂದು ವಿಷಯ ಕಾಣುತ್ತದೆ. ಅಂಗೈ ಶುಭ್ರವಾಗಿರುತ್ತದೆ, ಆದರೆ ಹೆಬ್ಬೆರಳ ಸುತ್ತ, ಬೆರಳ ತುದಿ, ಉಗುರ ಸಂದಿ, ಉಂಗುರದ ಕೆಳಗೆ ಹೊಳಪು ಉಳಿದಿರುತ್ತದೆ. ಕೈ ತೊಳೆಯುವಾಗ ಹೆಬ್ಬೆರಳೂ ಬೆರಳ ತುದಿಯೂ ಬಿಟ್ಟುಹೋಗುತ್ತವೆ ಎಂದು 1978ರಲ್ಲೇ ಇಂಗ್ಲೆಂಡಿನ ಒಂದು ನರ್ಸಿಂಗ್ ಅಧ್ಯಯನ ತೋರಿಸಿತ್ತು. ಈಗಲೂ ಬಿಟ್ಟುಹೋಗುವುದು ಅವೇ. ಸೋಪು-ನೀರಾದರೆ ಒಟ್ಟು 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು ಬೇಕು ಎನ್ನುವುದು ಆಗ ಯಾಕೆ ಅಂತ ಅರ್ಥವಾಗುತ್ತದೆ.

ಎಲ್ಲದಕ್ಕೂ ಟಾರ್ಚೇ ಬೇಕಂತಿಲ್ಲ. ಒಂದು ಕೋಣೆಯನ್ನು ವಾರ್ಡಿನಂತೆ ಜೋಡಿಸಿ, ಬೇಕೆಂದೇ ತಪ್ಪುಗಳನ್ನು ಇಟ್ಟು, ಹುಡುಕಿ ಅನ್ನುವ ಆಟ ಹೊರದೇಶಗಳ ಆಸ್ಪತ್ರೆಗಳಲ್ಲಿ ಚಾಲ್ತಿಯಲ್ಲಿದೆ. ನಮ್ಮಲ್ಲಿ ಇಡಬೇಕಾದ ತಪ್ಪುಗಳು ನಮ್ಮವೇ ಆಗಿರಲಿ: ನೆಲಕ್ಕೆ ತಾಗಿದ ಯೂರಿನ್ ಬ್ಯಾಗು, ಅಜ್ಜಿಯ ಮಂಚದ ಮೇಲೆ ಕೂತ ಮೊಮ್ಮಗ, ಕಾರವಾರದ ಮಳೆಗಾಲದಲ್ಲಿ ಒಣಗದೆ ಕಿಟಕಿಗೆ ನೇತುಹಾಕಿದ ಟವೆಲ್ಲು, ಎಲ್ಲರೂ ಕೈ ಒರೆಸುವ ಅದೇ ಟವೆಲ್ಲು. ಇನ್ನೊಂದು ಸನ್ನಿವೇಶವೂ ಆಟದಲ್ಲಿ ಖಂಡಿತ ಇರಬೇಕು. ನಮ್ಮ ಜಿಲ್ಲೆಯಿಂದ ದೊಡ್ಡ ಕಾಯಿಲೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಹೋಗುವವರು ಜಾಸ್ತಿ ಅಲ್ವಾ? ಎಲ್ಲೇ ಆಗಲಿ, ಐಸಿಯುನಲ್ಲಿ ಬಹಳ ದಿನ ಇದ್ದು ಬಂದವರ ಮೈಮೇಲೆ ಆ್ಯಂಟಿಬಯೋಟಿಕ್‌ಗೆ ಬಗ್ಗದ ರೋಗಾಣು ಇರಬಹುದು, ರೋಗಿಗೆ ಅದರ ಲಕ್ಷಣವೇ ಇಲ್ಲದೆಯೂ. ಅಂಥವರು ಊರಿನ ಆಸ್ಪತ್ರೆಗೆ ವಾಪಸ್ ಬಂದಾಗ ಮೊದಲು ಏನು ಕೇಳಬೇಕು, ಯಾವ ಮಂಚ ಕೊಡಬೇಕು ಎನ್ನುವುದು ಒಳ್ಳೆಯ ಒಗಟು.

ಆಟ ಕೆಡುವ ಜಾಗವೂ ಇದೆ. ಯಾರು ಬೇಗ ಮುಗಿಸುತ್ತಾರೋ ಅವರಿಗೆ ಅಂಕ ಅಂತ ಇಟ್ಟರೆ ಕಲಿಸಿದ್ದು ಉಲ್ಟಾ ಆಗುತ್ತದೆ. ಕಸ ಬೇರ್ಪಡಿಸುವ ಆಟವನ್ನೇ ನೋಡಿ: ಆಸ್ಪತ್ರೆ ಕಸದ ಬಗೆಗಿನ 2016ರ ನಿಯಮದ ಪ್ರಕಾರ ರಕ್ತವಾದ ಹತ್ತಿ ಹಳದಿ ಚೀಲಕ್ಕೆ, ಐವಿ ಪೈಪು ಮತ್ತು ಗ್ಲೌಸ್ ಕೆಂಪು ಚೀಲಕ್ಕೆ, ಸೂಜಿ ಬಿಳಿ ಡಬ್ಬಿಗೆ, ಗಾಜಿನ ಬಾಟಲಿ ನೀಲಿ ಡಬ್ಬಿಗೆ. ಇದನ್ನು ಓಟದ ಪಂದ್ಯ ಮಾಡಿದರೆ ಸೂಜಿಯ ಜೊತೆ ಅವಸರ ಮಾಡುವ ಅಭ್ಯಾಸ ಬೆಳೆಯುತ್ತದೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳದವರಿಗೆ ಸೋಂಕಿತರ ಸೂಜಿ ಚುಚ್ಚಿದರೆ ಕಾಯಿಲೆ ಅಂಟುವ ಸಾಧ್ಯತೆ ನೂರಕ್ಕೆ 6ರಿಂದ 30ರವರೆಗೆ ಇದೆ. ಅಂಕ ಕೊಡಬೇಕಾದದ್ದು ನಿಧಾನಕ್ಕೆ, ಕ್ರಮಕ್ಕೆ. ಆಟ ಮುಗಿದ ಮೇಲೆ ಕೂತು, ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಅಂತ ಮಾತಾಡಲು ಆಟಕ್ಕಿಂತ ಹೆಚ್ಚು ಹೊತ್ತು ಇಡಬೇಕು. ಅಲ್ಲಿ ಯಾರನ್ನೂ ನಗೆಪಾಟಲು ಮಾಡಬಾರದು, ಒಮ್ಮೆ ಅವಮಾನವಾದ ಹುಡುಗಿ ನಾಳೆ ವಾರ್ಡಿನಲ್ಲಿ ತಪ್ಪನ್ನು ಮುಚ್ಚಿಡುತ್ತಾಳೆ.

ಬೇಸಿನ್ನಿನಲ್ಲಿ ನೀರೇ ಬರದಿದ್ದರೆ, ಮಂಚದ ಹತ್ತಿರ ಸ್ಯಾನಿಟೈಸರ್ ಇಲ್ಲದಿದ್ದರೆ ಯಾವ ಆಟವೂ ಕೆಲಸಕ್ಕೆ ಬರುವುದಿಲ್ಲ. ಅದು ಆಡಳಿತದ ಕೆಲಸ, ಅದನ್ನು ವಿದ್ಯಾರ್ಥಿಗಳ ತಲೆಗೆ ಕಟ್ಟಬಾರದು. ಅದೆಲ್ಲ ಇದ್ದ ಕಡೆಯೂ, ಆಟ ಮುಗಿದ ಕೂಡಲೇ ಪ್ರಶ್ನೆಪತ್ರಿಕೆ ಕೊಟ್ಟು 'ಕಲಿತರು' ಅಂತ ಬರೆದುಕೊಂಡರೆ ಸಾಲದು. ಬರೆದು ಗೆಲ್ಲುವುದು ಅವರಿಗೆ ಮೊದಲೇ ಬರುತ್ತಿತ್ತು. ಆರು ತಿಂಗಳ ನಂತರ, ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿರುವಾಗ, ಯಾರಾದರೂ ವಾರ್ಡಿನ ಮೂಲೆಯಲ್ಲಿ ನಿಂತು ಆ ಐದು ಸಂದರ್ಭಗಳಲ್ಲಿ ಎಷ್ಟು ಸಲ ಕೈ ಶುಚಿಯಾಯ್ತು ಅಂತ ಎಣಿಸಬೇಕು, ಮಂಚ ಸರಿಸಿದ ನಂತರದ್ದನ್ನೂ ಸೇರಿಸಿ.